ಬೋರ್ಡ್ ಇದೆ, ಓದೋಕಾಗಲ್ಲ: ಕೊಳ್ಳೇಗಾಲ, ಹನೂರು, ಯಳಂದೂರು ರಸ್ತೆ ಫಲಕ ತೊಳೆಯೋರು ಯಾರು?

ಮಾದಪ್ಪನ ಬೆಟ್ಟಕ್ಕೆ ಮೊದಲ ಸಲ ಬರುವ ಕಾರಿನವರು ಕೊಳ್ಳೇಗಾಲದಲ್ಲಿ ಗಾಜು ಇಳಿಸಿ ಕೇಳೋದು ಒಂದೇ ಪ್ರಶ್ನೆ, ‘ಬೆಟ್ಟಕ್ಕೆ ಯಾವ ಕಡೆ ಸಾರ್?’ ಟೀ ಅಂಗಡಿಯವರು, ಹಣ್ಣಿನ ಗಾಡಿಯವರು ಕೈ ತೋರಿಸಿ ತೋರಿಸಿ ಸುಸ್ತಾಗಿದ್ದಾರೆ. ಎಲ್ಲರ ಕೈಲೂ ಮೊಬೈಲ್ ಮ್ಯಾಪ್ ಇದೆಯಲ್ಲ, ಬೋರ್ಡ್ ಯಾಕೆ ಅನ್ನಬಹುದು. ಮ್ಯಾಪ್ ದಾರಿ ಹೇಳುತ್ತೆ, ಸರಿ. ಆದರೆ ಮುಂದೆ ಹಂಪ್ ಇದೆ, ಶಾಲೆ ಇದೆ, ಕಡಿದಾದ ತಿರುವು ಇದೆ, ಇಲ್ಲಿ ಆನೆ ದಾಟುತ್ತೆ ಅನ್ನೋದನ್ನು ಕಂಬದ ಮೇಲಿನ ಫಲಕವೇ ಹೇಳಬೇಕು. ಕಾಡಿನೊಳಗೆ ನೆಟ್‌ವರ್ಕ್ ಹೋದ ಮೇಲಂತೂ ಅದೊಂದೇ ಗತಿ.

ನಮ್ಮ ಮೂರು ತಾಲ್ಲೂಕು ಸಣ್ಣವಿರಬಹುದು, ರಸ್ತೆ ಸಣ್ಣವಲ್ಲ. ಬೆಂಗಳೂರು, ಕನಕಪುರ, ಮಳವಳ್ಳಿ ಕಡೆಯಿಂದ ಬಂದು ಕೊಳ್ಳೇಗಾಲ, ಯಳಂದೂರು, ಚಾಮರಾಜನಗರ ದಾಟಿ ಸತ್ಯಮಂಗಲ, ಕೊಯಮತ್ತೂರಿಗೆ ಹೋಗುವ ಹೆದ್ದಾರಿ ಈಗ 948. ನಾವಿನ್ನೂ ಬಾಯಿ ಮಾತಲ್ಲಿ 209 ಅಂತಲೇ ಅನ್ನೋದು. ಕೋಯಿಕ್ಕೋಡಿನಿಂದ ಗುಂಡ್ಲುಪೇಟೆ, ಮೈಸೂರು, ತಿ. ನರಸೀಪುರದ ಮೇಲೆ ಬರುವ 766 (ಹಳೇ 212) ಕೊನೆಯಾಗೋದು ಕೊಳ್ಳೇಗಾಲದಲ್ಲೇ. ಇವೆರಡಕ್ಕೆ ಹನೂರು, ಕೌದಳ್ಳಿ, ತಾಳಬೆಟ್ಟದ ಬೆಟ್ಟದ ರಸ್ತೆ ಸೇರಿಸಿ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತುವ ರಸ್ತೆ ಸೇರಿಸಿ. ಕೇರಳ, ತಮಿಳುನಾಡಿನ ಲಾರಿ, ಬೆಂಗಳೂರಿನ ವಾರಾಂತ್ಯದ ಕಾರು, ಕಬ್ಬಿನ ಟ್ರ್ಯಾಕ್ಟರು, ಪಾದಯಾತ್ರೆಯವರು ಎಲ್ಲ ಒಂದೇ ಡಾಂಬರಿನ ಮೇಲೆ. ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ರಸ್ತೆ ಹೊಸದು.

ಬೋರ್ಡ್ ಹಾಳಾಗೋದು ಅಂದ್ರೆ ಮುರಿದು ಬೀಳೋದು ಅಂತ ನಾವು ತಿಳಿದಿದ್ದೇವೆ. ಮುರಿದ ಕಂಬ ಯಾರ ಕಣ್ಣಿಗಾದರೂ ಬೀಳುತ್ತೆ, ಫೋಟೊ ಬರುತ್ತೆ, ಎಂಜಿನಿಯರ್‌ಗೆ ಫೋನ್ ಹೋಗುತ್ತೆ. ನೆಟ್ಟಗೆ ನಿಂತಿದ್ದೂ ಕೆಲಸ ಮಾಡದ ಬೋರ್ಡೇ ಹೆಚ್ಚು ಅಪಾಯ. ಹಗಲಲ್ಲಿ ನೋಡಿದರೆ ಚೆನ್ನಾಗೇ ಇರುತ್ತೆ. ರಾತ್ರಿ ಹೆಡ್‌ಲೈಟ್ ಬಿದ್ದರೆ ಕಪ್ಪಗೆ ಕೂತಿರುತ್ತೆ.

ಅದ್ಯಾಕೆ ಹಾಗೆ? ಈ ಫಲಕಗಳಿಗೆ ಅಂಟಿಸುವ ಹಾಳೆಯಲ್ಲಿ ಸಣ್ಣ ಗಾಜಿನ ಮಣಿಗಳೋ, ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಿಸಂಗಳೋ ಇರುತ್ತವೆ. ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ, ಅಂದರೆ ಡ್ರೈವರ್ ಕಣ್ಣಿನ ಕಡೆಗೇ ಅವು ವಾಪಸ್ ಕಳಿಸುತ್ತವೆ. ಮೇಲೆ ಧೂಳು ಕೂತರೆ ಬೆಳಕು ಆ ಧೂಳನ್ನು ಎರಡು ಸಲ ದಾಟಬೇಕು, ಹೋಗುವಾಗ ಒಂದು ಸಲ, ಬರುವಾಗ ಇನ್ನೊಂದು ಸಲ. ಹಾಗಾಗಿ ತೆಳು ಧೂಳೂ ದುಪ್ಪಟ್ಟು ಹೊಡೆತ ಕೊಡುತ್ತೆ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತೆ. ಫಲಕ 100 ಮೀಟರ್ ದೂರದಿಂದ ಕಂಡರೆ ಬ್ರೇಕ್ ಹಿಡಿಯೋಕೆ ಆರು ಸೆಕೆಂಡ್ ಸಿಗುತ್ತೆ. 30 ಮೀಟರ್‌ಗೆ ಕಂಡರೆ ಎರಡು ಸೆಕೆಂಡೂ ಇಲ್ಲ. ಬೈಕಿನ ಹಿಂದೆ ಮಗು ಎತ್ತಿಕೊಂಡು ಕೂತ ಹೆಂಗಸು ಹಂಪ್‌ನಲ್ಲಿ ಎಗರಿ ಬೀಳೋದು ಈ ನಾಲ್ಕು ಸೆಕೆಂಡಿನ ವ್ಯತ್ಯಾಸದಲ್ಲಿ.

ನಮ್ಮ ಕಡೆ ಕೊಳೆಗೆ ಕಾರಣಗಳೂ ನಮ್ಮವೇ. ಸುಗ್ಗಿ ಕಾಲದಲ್ಲಿ ಹುರುಳಿ, ರಾಗಿ ರಸ್ತೆಗೇ ಹಾಕಿ ಒಕ್ಕಣೆ ಮಾಡ್ತೀವಿ, ಹೊಟ್ಟು ಹಾರಿ ಫಲಕಕ್ಕೆ ಮೆತ್ತುತ್ತೆ. ಜಲ್ಲಿ, ಎಂ ಸ್ಯಾಂಡ್ ಟಿಪ್ಪರ್‌ಗಳ ಧೂಳು ಬೇರೆ. ಕಬ್ಬು ತುಂಬಿದ ಗಾಡಿ ಅಕ್ಕಪಕ್ಕ ಚಾಚಿಕೊಂಡು ಹೋಗುವಾಗ ಕಂಬಕ್ಕೆ ತಾಗಿ ಫಲಕ ತಿರುಗಿ ನಿಲ್ಲುತ್ತೆ, ಆಮೇಲೆ ಎಡಕ್ಕೆ ಹೋಗಬೇಕಾದವನಿಗೆ ಹೊಲ ತೋರಿಸುತ್ತೆ. ಬಿಳಿಗಿರಿರಂಗನ ಬೆಟ್ಟದ ಕಡೆ ಲಂಟಾನ ಗಿಡದ ಕಾಟ. ಎರಡು ಮಳೆ ಬಿದ್ದರೆ ಸಾಕು, ‘ಪ್ರಾಣಿಗಳು ದಾಟುವ ಸ್ಥಳ’ ಅನ್ನೋ ಫಲಕವನ್ನೇ ಪೊದೆ ನುಂಗಿಬಿಡುತ್ತೆ. ಇನ್ನು ಅಲ್ಯೂಮಿನಿಯಂ ತಗಡನ್ನೇ ಕಿತ್ತು ಗುಜರಿಗೆ ಹಾಕುವವರ ಕಥೆ ಎಲ್ಲ ಊರಲ್ಲೂ ಇದ್ದದ್ದೇ.

ಪೇಟೆಯೊಳಗಿನ ಕಾರಣ ಬೇರೆ, ಅಲ್ಲಿ ನಾವು ಅಂಗಡಿಯವರೂ ಸ್ವಲ್ಪ ಕೇಳಿಸಿಕೊಳ್ಳಬೇಕು. ಹುಟ್ಟುಹಬ್ಬದ ಫ್ಲೆಕ್ಸು, ಟ್ಯೂಷನ್ ಪೋಸ್ಟರು, ‘ಬಾಡಿಗೆಗೆ ಇದೆ’ ಚೀಟಿ, ಶ್ರದ್ಧಾಂಜಲಿ ಬ್ಯಾನರು ಎಲ್ಲಕ್ಕೂ ಅದೇ ಕಂಬ ಬೇಕು. ಫ್ಲೆಕ್ಸ್ ಗಾಳಿ ಹಿಡಿದು ಕಂಬವನ್ನೇ ವಾಲಿಸುತ್ತೆ. ಮೈದಾ ಅಂಟು ಒಣಗಿದ ಮೇಲೆ ಕಾಗದ ಕಿತ್ತರೆ ಹೊಳೆಯುವ ಹಾಳೆಯೂ ಜೊತೆಗೇ ಏಳುತ್ತೆ. ಅಂಗಡಿ ಹೆಸರು ಜನಕ್ಕೆ ಕಾಣಲಿ ಅನ್ನೋದು ನ್ಯಾಯವೇ. ಆದರೆ ‘ಆಸ್ಪತ್ರೆ’ ಅನ್ನೋ ಫಲಕದ ಮುಂದೆ ಅದು ಕಾಣಬೇಕಾಗಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟ. 1988ರ ಮೋಟಾರು ವಾಹನ ಕಾಯ್ದೆಯ 116ನೇ ಕಲಂ ಪ್ರಕಾರ ಸಂಚಾರ ಫಲಕವನ್ನು ಬೇಕಂತಲೇ ಕೀಳೋದು, ಬದಲಿಸೋದು, ವಿರೂಪ ಮಾಡೋದು ತಪ್ಪು. ಫಲಕಕ್ಕೆ ಅಡ್ಡ ಬರುವ ಜಾಹೀರಾತನ್ನು ತೆಗೆಸಬಹುದು. ಅದೇ ಕಲಂನಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಮಾತಿದೆ: ಆಕಸ್ಮಿಕವಾಗಿ ಗಾಡಿ ತಾಗಿಸಿ ಫಲಕ ಹಾಳು ಮಾಡಿದವರು 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಎಷ್ಟು ಟ್ರ್ಯಾಕ್ಟರಿನವರು ಹೋಗಿ ತಿಳಿಸಿದ್ದಾರೋ ದೇವರಿಗೇ ಗೊತ್ತು. ಪೋಸ್ಟರ್ ಹಚ್ಚುವವರಿಗೆ 1981ರ ರಾಜ್ಯದ ವಿರೂಪ ತಡೆ ಕಾಯ್ದೆ ಇದೆ, ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ. ಸಾವಿರ ರೂಪಾಯಿಗೆ ಇವತ್ತು ಒಂದು ದೊಡ್ಡ ಫ್ಲೆಕ್ಸೂ ಬರಲ್ಲ, ಹೆದರೋರು ಯಾರು? 2019ರ ತಿದ್ದುಪಡಿಯಲ್ಲಿ ಸೇರಿದ 198ಎ ಕಲಂ ಇನ್ನೊಂದು ಕಡೆಯವರನ್ನು ಹಿಡಿಯುತ್ತೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರ ಸಂಸ್ಥೆ, ಗುತ್ತಿಗೆದಾರರಿಗೆ ಒಂದು ಲಕ್ಷದವರೆಗೆ ದಂಡ.

ಇಷ್ಟೆಲ್ಲ ಇದ್ದೂ ಬೋರ್ಡ್ ಯಾಕೆ ಕೊಳೆಯಾಗಿರುತ್ತೆ ಅಂದ್ರೆ, ಹೊಸ ಫಲಕ ಹಾಕೋದು ‘ಕಾಮಗಾರಿ’. ಅದಕ್ಕೆ ಅಂದಾಜು ಪಟ್ಟಿ ಇದೆ, ಟೆಂಡರ್ ಇದೆ, ಬಿಲ್ ಇದೆ. ಇರುವ ಫಲಕ ತೊಳೆಯೋದು ನಿರ್ವಹಣೆಗೆ ಸೇರುತ್ತೆ, ಆ ಹಣಕ್ಕೆ ಗುಂಡಿ ಮುಚ್ಚೋದು, ಚರಂಡಿ ತೆಗೆಯೋದು ಮೊದಲೇ ಕಾದು ಕೂತಿರುತ್ತೆ. ಬಕೆಟ್ ನೀರು, ಬಟ್ಟೆಯಲ್ಲಿ ಮುಗಿಯುವ ಕೆಲಸಕ್ಕೆ ಶಂಕುಸ್ಥಾಪನೆ ಮಾಡೋಕೂ ಆಗಲ್ಲ ನೋಡಿ.

ಮೇಲಾಗಿ ಕಂಬಗಳ ಯಜಮಾನರು ಬೇರೆ ಬೇರೆ. ರಾಷ್ಟ್ರೀಯ ಹೆದ್ದಾರಿಯದು ಹೆದ್ದಾರಿಯವರಿಗೆ, ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಯದು ಲೋಕೋಪಯೋಗಿ ಇಲಾಖೆಗೆ, ಹಳ್ಳಿ ರಸ್ತೆಯದು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೆ. ಕೊಳ್ಳೇಗಾಲದ ಊರೊಳಗಿನ ಬೀದಿ ನಗರಸಭೆಗೆ, ಹನೂರು, ಯಳಂದೂರಿನದು ಪಟ್ಟಣ ಪಂಚಾಯಿತಿಗೆ, ಕಾಡಿನ ಎಚ್ಚರಿಕೆ ಫಲಕ ಅರಣ್ಯ ಇಲಾಖೆಗೆ. ಜನಕ್ಕೆ ಎಲ್ಲ ಒಂದೇ ರಸ್ತೆ. ಊರ ಹೆಸರು ಒಂದು ಫಲಕದಲ್ಲಿ ‘ಯಳಂದೂರು’, ಇನ್ನೊಂದರಲ್ಲಿ ‘ಎಳಂದೂರು’ ಆಗೋದು, ಮಲೆ ಮಹದೇಶ್ವರ ಬೆಟ್ಟ ಕನ್ನಡ ಅಕ್ಷರದಲ್ಲೇ ‘ಎಂ.ಎಂ. ಹಿಲ್ಸ್’ ಆಗೋದು ಇಂಥ ಕಡೆಯೇ.

ಖರ್ಚಿನ ಲೆಕ್ಕಕ್ಕೆ ಬಂದರೂ ತೊಳೆಯೋದೇ ಲಾಭ. ಒಳ್ಳೆ ದರ್ಜೆಯ ಹಾಳೆಗೆ ಏಳರಿಂದ ಹತ್ತು ವರ್ಷದ ವಾರಂಟಿ ಇರುತ್ತೆ. ಮಾಡೋ ಕೆಲಸವೂ ಸುಲಭ: ಮೊದಲು ಬರೀ ನೀರು ಹಾಕಿ ಮರಳು, ಧೂಳು ಇಳಿಸಬೇಕು, ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತೆ. ಆಮೇಲೆ ಸೋಪಿನ ನೀರು, ಮೆತ್ತನೆ ಬಟ್ಟೆ, ಮೇಲಿನಿಂದ ಕೆಳಕ್ಕೆ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್, ಪಾತ್ರೆ ಉಜ್ಜುವ ತಂತಿ ನಾರು ಬೇಡವೇ ಬೇಡ. ಕಂಬ ಸಾಯೋದು ಬುಡದಲ್ಲಿ. ಮಣ್ಣು, ಕಾಂಕ್ರೀಟ್ ಸೇರುವ ಜಾಗದಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತೆ, ಅದನ್ನು ಕೆರೆದು ರೆಡ್ ಆಕ್ಸೈಡ್ ಹೊಡೆದು ಬಣ್ಣ ಹಚ್ಚಬೇಕು. ಭಾರತೀಯ ರಸ್ತೆ ಕಾಂಗ್ರೆಸ್ ನಿಯಮದಂತೆ 25 ಸೆಂ.ಮೀ. ಅಗಲದ ಕಪ್ಪು, ಬಿಳಿ ಪಟ್ಟಿ, ನೆಲಕ್ಕೆ ತಾಗುವ ಪಟ್ಟಿ ಕಪ್ಪು. ಯಾವ ಪಕ್ಷದ ಬಣ್ಣವೂ ಅಲ್ಲ.

ವರ್ಷಕ್ಕೆ ಎರಡು ಸಲ ಮಾಡಿದರೆ ನಮ್ಮ ಕಡೆಗೆ ಸಾಕು ಅಂತ ನನ್ನ ಅಂದಾಜು. ಹಿಂಗಾರು ಮಳೆಗೆ ಬಳ್ಳಿ, ಕೆಸರು ಏರಿದ ಮೇಲೆ ದೀಪಾವಳಿ ಜಾತ್ರೆಗೆ ಮುಂಚೆ ಒಂದು ಸಲ, ಒಕ್ಕಣೆ ಧೂಳು ಮುಗಿದ ಮೇಲೆ ಶಿವರಾತ್ರಿಗೆ ಮುಂಚೆ ಇನ್ನೊಂದು ಸಲ. ಬೆಟ್ಟದ ರಸ್ತೆಯಲ್ಲಿ ರಾತ್ರಿಯೆಲ್ಲ ‘ಉಘೇ’ ಅಂತ ನಡೆಯುವ ಜನ ಇರೋದೂ ಆಗಲೇ, ಹೊಸ ಡ್ರೈವರುಗಳು ಬರೋದೂ ಆಗಲೇ. ಜಾತ್ರೆಯ ಪೂರ್ವಭಾವಿ ಸಭೆಯಲ್ಲಿ ನೀರು, ಶೌಚಾಲಯ, ಬಸ್ಸಿನ ಜೊತೆ ಫಲಕದ ವಿಷಯವನ್ನೂ ಒಂದು ಸಾಲು ಸೇರಿಸಿದರೆ ಯಾರ ಗಂಟೂ ಹೋಗಲ್ಲ.

ಅಂಗಡಿ ಮುಂದಿನ ಫಲಕದ ಧೂಳನ್ನು ನೆಲದ ಮೇಲೆ ನಿಂತು ತೊಳೆದರೆ ಯಾರೂ ಬೇಡ ಅನ್ನಲ್ಲ. ಬಣ್ಣ ಬಳಿಯೋದು, ತಿರುಗಿಸೋದು, ಹೆದ್ದಾರಿಯಲ್ಲಿ ಏಣಿ ಹಾಕಿ ಹತ್ತೋದು ನಮ್ಮ ಕೆಲಸ ಅಲ್ಲ. ದೂರು ಕೊಡೋದಾದರೆ ರಾತ್ರಿ ಹೆಡ್‌ಲೈಟ್ ಬೆಳಕಲ್ಲಿ ತೆಗೆದ ಫೋಟೊ ಕೊಡಿ, ಹಗಲಿನ ಫೋಟೊದಲ್ಲಿ ಎಲ್ಲ ಬೋರ್ಡೂ ಚೆಂದ. ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಯಾವ ದಿಕ್ಕಿಗೆ ಹೋಗುವಾಗ ಎಡಕ್ಕೆ ಅನ್ನೋದು ಬರೆಯಿರಿ. ರಾಷ್ಟ್ರೀಯ ಹೆದ್ದಾರಿಗೆ 1033, ರಾಜ್ಯದ ಇಲಾಖೆಗಳಿಗೆ ಜನಸ್ಪಂದನದ 1902. ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಮತ್ತೆ, 209 ಅಂತ ಹೇಳಬೇಡಿ, 948 ಅನ್ನಿ.