ಕಾಲು ಇದ್ದಷ್ಟು ಹಾಸಿಗೆ

ಗಂಡು ನೋಡಲು ಬಂದವರೆಲ್ಲ "ಹುಡುಗ ಒಳ್ಳೇ ಎತ್ತರ" ಎಂದು ಮೆಚ್ಚಿಕೊಂಡು ಹೋಗುತ್ತಾರೆ. ಆ ಎತ್ತರದ ಜೊತೆ ಸಂಸಾರ ಮಾಡುವ ಪಾಡು ಮಾತ್ರ ಕೈಹಿಡಿದವಳದು. ಹೊದಿಕೆ ಎದೆಗೆ ಎಳೆದರೆ ಪಾದ ಹೊರಗೆ, ಪಾದಕ್ಕೆ ಎಳೆದರೆ ಎದೆ ಹೊರಗೆ. ಅಂಗಡಿಯಿಂದ ತಂದ ಪೈಜಾಮಕ್ಕೆ ಅಂಚು ಬಿಚ್ಚದೆ ಗತಿಯಿಲ್ಲ. ನಮ್ಮ ಯಜಮಾನರು ಆರು ಅಡಿ ಎರಡು ಅಂಗುಲ. ಬಸವನಗುಡಿಯ ನಮ್ಮ ಹಳೇ ಮನೆಯ ಅಡುಗೆಮನೆ ಬಾಗಿಲಿಗೆ ತಲೆ ತಗ್ಗಿಸಿ ತಗ್ಗಿಸಿ ಅವರಿಗೆ ಈಗ ದೇವಸ್ಥಾನದಲ್ಲೂ ಬೇರೆ ನಮಸ್ಕಾರ ಬೇಕಾಗಿಲ್ಲ!

ಇವೆಲ್ಲ ನಗುವ ಮಾತಾಯಿತು. ನಗಲಾರದ ಮಾತೊಂದಿದೆ ಸೋದರಿಯರೇ, ಅದು ಕಾರಿನದು.

ಹನ್ನೊಂದು ವರ್ಷದಿಂದ ನಮ್ಮಲ್ಲಿದ್ದದ್ದು ಒಂದು ಪುಟ್ಟ ಕಾರು. ಊರೊಳಗೆ ಓಡಾಡಲು ಬಂಗಾರದಂಥದ್ದು. ಆದರೆ ವರ್ಷಕ್ಕೆರಡು ಸಲ ಶೃಂಗೇರಿ ಕಡೆ ನಮ್ಮೂರಿಗೆ ಹೋಗಬೇಕು. ಮುನ್ನೂರು ಕಿಲೋಮೀಟರಿಗೂ ಮೇಲೆ. ಹಾಸನ ಮುಟ್ಟುವಷ್ಟರಲ್ಲಿ ಇವರ ಬಲಗಾಲು ಜೋಮು ಹಿಡಿಯುವುದು. ಕಾಫಿಗೆಂದು ಇಳಿದರೆ ಬಾಗಿಲು ಹಿಡಿದುಕೊಂಡು ಐದು ನಿಮಿಷ ನಿಂತೇ ಇರಬೇಕು. ಡಾಕ್ಟರು ಎಕ್ಸ್‌ರೇ ನೋಡಿ, "ಬೆನ್ನುಮೂಳೆ ಚೆನ್ನಾಗಿದೆ, ಕೂರುವ ರೀತಿ ಸರಿಯಿಲ್ಲ" ಎಂದರು. ಬೆನ್ನುನೋವಾದರೆ ಎಣ್ಣೆ ತಿಕ್ಕಬಹುದು. ಆದರೆ ಘಟ್ಟದ ತಿರುವಿನಲ್ಲಿ ಬ್ರೇಕ್ ಒತ್ತಬೇಕಾದ ಕಾಲೇ ಜೋಮು ಹಿಡಿದರೆ ಏನು ಗತಿ? ಹಿಂದೆ ಅತ್ತೆಯವರು, ಮಗಳು ಕೂತಿರುತ್ತಾರೆ.

"ದೊಡ್ಡ ಆಳಿಗೆ ದೊಡ್ಡ ಗಾಡಿ ತಗೊಂಡುಬಿಡಿ" ಎಂದು ನೆಂಟರೆಲ್ಲ ಹೇಳಿದರು. ಹೇಳುವುದು ಸುಲಭ. ದೊಡ್ಡದಕ್ಕೆ ಕೈ ಹಾಕಿದರೆ ಮಗಳ ಕಾಲೇಜಿಗೆಂದು ಬ್ಯಾಂಕಿನಲ್ಲಿಟ್ಟ ಎಫ್‌ಡಿ ಮುರಿಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ದುಡ್ಡಿನ ಮಾತು. ಆದರೆ ನಿಜವಾಗಿಯೂ ಉದ್ದ ಇರುವ ಕಾಲಿಗೆ ಏನು ಮಾಡುವುದು? ಕಾಲು ಕತ್ತರಿಸಲಾಗದು, ಹಾಸಿಗೆಯನ್ನೇ ಅಳೆದು ತರಬೇಕು. ರವಿಕೆ ಬಟ್ಟೆಗೆ ಅಳತೆ ಕೊಡದೆ ನಾವು ಕತ್ತರಿ ಹಾಕಿಸುತ್ತೇವೆಯೇ? ಲಕ್ಷಗಟ್ಟಲೆ ಸುರಿಯುವ ಕಾರಿಗೆ ಮಾತ್ರ ಬಣ್ಣ ನೋಡಿ ಒಪ್ಪಿಬಿಡುವುದೇ? 2025ರ ನವರಾತ್ರಿಯ ಹೊತ್ತಿಗೆ ನಾನು ಹೊಲಿಗೆ ಡಬ್ಬಿಯಿಂದ ಟೇಪು ತೆಗೆದು ಕೈಚೀಲಕ್ಕೆ ಹಾಕಿಕೊಂಡೆ.

ಅಳತೆ ಹಿಡಿದು ಹೊರಟರೆ ಮೊದಲು ತಿಳಿಯುವುದು ಇದು: ಹೊರಗೆ ದೊಡ್ಡದಾಗಿ ಕಾಣುವುದೆಲ್ಲ ಒಳಗೆ ದೊಡ್ಡದಲ್ಲ. ಎತ್ತರದ ಮೈಕಟ್ಟಿನ ಈ ಎಸ್‌ಯುವಿಗಳ ನೆಲವೇ ರಸ್ತೆಯಿಂದ ಮೇಲಿರುತ್ತದೆ. ಜಗಲಿ ಎತ್ತರವಿದ್ದರೆ ಮನೆಯೂ ಎತ್ತರ ಕಂಡ ಹಾಗೆ. ಒಳಗೆ ಸೂರು ಎಷ್ಟಿದೆ ಎಂಬುದು ಬೇರೆ ಲೆಕ್ಕ. ಕಂಪನಿಯವರ ಪುಸ್ತಿಕೆಯನ್ನೇ ನೋಡಿ. ಮಾರುತಿ ಬ್ರೆಝಾ 3995 ಮಿಲಿಮೀಟರ್ ಉದ್ದ, 1790 ಅಗಲ, 1685 ಎತ್ತರ. ಹ್ಯುಂಡೈ ಕ್ರೆಟಾ 4330 ಉದ್ದ, 1790 ಅಗಲ, 1635 ಎತ್ತರ. ಉದ್ದ ಒಂದಡಿಗೂ ಹೆಚ್ಚು, ಅಗಲ ಒಂದೇ, ಎತ್ತರ ಎರಡು ಅಂಗುಲ ಕಡಿಮೆ! ಹಾಗಂತ ಉದ್ದದ ಗಾಡಿ ಕೆಟ್ಟದ್ದೇನಲ್ಲ. ಹೆಚ್ಚಿನ ಉದ್ದ ಹಿಂದೆ ಕೂತವರ ಕಾಲಿಗೂ ಸಾಮಾನಿಗೂ ಅನುಕೂಲ. ಓಡಿಸುವವರ ತಲೆಗೆ ಮಾತ್ರ ಅದರಿಂದ ಏನೂ ಸಿಗುವುದಿಲ್ಲ.

ತೆರಿಗೆಯ ಲೆಕ್ಕವನ್ನೂ ನಾವು ತಿಳಿದಿರಬೇಕು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ನಾಲ್ಕು ಮೀಟರ್ ಮೀರದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಮೀರದ ಕಾರಿಗೆ ಶೇಕಡಾ 18. ಇದನ್ನು ದಾಟಿದರೆ ಶೇಕಡಾ 40. ಎರಡು ಷರತ್ತೂ ಕೂಡಿ ಬರಬೇಕು, ಗಮನವಿರಲಿ. ಬ್ರೆಝಾದ ಉದ್ದ ನಾಲ್ಕು ಮೀಟರಿನೊಳಗಿದ್ದರೂ ಪೆಟ್ರೋಲ್ ಇಂಜಿನ್ 1462 ಸಿಸಿ ಆದ್ದರಿಂದ 40ರ ಸಾಲಿಗೆ ಸೇರಿತು. ಅಷ್ಟೇ ಉದ್ದದ ಟಾಟಾ ನೆಕ್ಸಾನ್ ಪೆಟ್ರೋಲ್ 1199 ಸಿಸಿ, ಅದು 18ರ ಸಾಲಿಗೆ. ಇದರ ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ ಬೇರೆ. ಬೆಲೆ ಹತ್ತು ಲಕ್ಷ ದಾಟಿತೆಂದರೆ ಅದರ ದರವೂ ಒಂದು ಮೆಟ್ಟಿಲು ಮೇಲೇರುತ್ತದೆ. ಆದ್ದರಿಂದ ಶೋರೂಮಿನವರು ಹೇಳುವ ಬರಿಯ ಬೆಲೆಯನ್ನು ಕೇಳಿ ಬರಬೇಡಿ. ವಿಮೆ, ತೆರಿಗೆ ಎಲ್ಲ ಸೇರಿ ಮನೆಬಾಗಿಲಿಗೆ ಬರುವಾಗ ಎಷ್ಟು ಎಂದು ಕಾಗದದ ಮೇಲೆ ಬರೆಸಿಕೊಳ್ಳಿ.

ಕಾರು ಅಳೆಯುವ ಮೊದಲು ಮನೆ ಅಳೆಯಿರಿ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಬಡಾವಣೆ ಆದದ್ದು 1890ರ ದಶಕದಲ್ಲಿ. 1898ರ ಪ್ಲೇಗಿನ ಮಾರಿ ಬಂದ ಮೇಲೆ ಪೇಟೆಯ ಜನ ಇತ್ತ ಬಂದು ಮನೆ ಕಟ್ಟಿದರು. ಆ ಕಾಲದ ಗೇಟು ಜಟಕಾಕ್ಕೆ, ಸೈಕಲಿಗೆ ಸಾಕಾಗುವಂಥದ್ದು. ನಮ್ಮ ಮನೆಯ ಪಕ್ಕದ ಓಣಿ ಗೋಡೆಯಿಂದ ಗೋಡೆಗೆ ಎಂಟು ಅಡಿ. ಮಹೀಂದ್ರಾ ಸ್ಕಾರ್ಪಿಯೊ-ಎನ್ 1917 ಮಿಲಿಮೀಟರ್ ಅಗಲ, ಎಂದರೆ ಆರು ಅಡಿ ಮೂರು ಅಂಗುಲಕ್ಕೂ ಮೇಲೆ. ಪುಸ್ತಿಕೆಯ ಅಗಲದಲ್ಲಿ ಪಕ್ಕದ ಕನ್ನಡಿಗಳು ಸಾಮಾನ್ಯವಾಗಿ ಸೇರಿರುವುದಿಲ್ಲ. ಉಳಿಯುವುದು ಎರಡೂ ಕಡೆ ಸೇರಿ ಇಪ್ಪತ್ತು ಅಂಗುಲ! ಎತ್ತರದವರಿಗೆ ಬಾಗಿಲು ಅಗಲವಾಗಿ ತೆರೆಯಬೇಕು, ಮೊಣಕಾಲು ಮೊದಲು ಹೊರಗೆ ಬರಬೇಕಲ್ಲ. ನಿಂತ ಕಾರಿನೊಳಗಿಂದ ಇಳಿಯಲಾಗದೆ ಅಲ್ಲೇ ಮಲಗಬೇಕಾದೀತು ಎಂದು ಮಗಳು ನಕ್ಕಳು. ಗೋಡೆಯಿಂದ ಓಡಿಸುವವರ ಬಾಗಿಲಿಗೆ ಎರಡು ಅಡಿಯಾದರೂ ಉಳಿಯುತ್ತದೆಯೇ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು ನೋಡಿಕೊಳ್ಳಿ.

ಇನ್ನು ಕೂರುವ ಪರೀಕ್ಷೆ. ಯಾರು ಓಡಿಸುತ್ತಾರೋ ಅವರು, ದಿನಾ ಮೆಟ್ಟುವ ಚಪ್ಪಲಿ ಅಥವಾ ಬೂಟು ಮೆಟ್ಟಿಕೊಂಡೇ ಕೂರಬೇಕು. ಸೀಟನ್ನು ಪೂರ್ತಿ ಕೆಳಕ್ಕಿಳಿಸಲಿ. ಬೆನ್ನನ್ನು ಒರಗಿಗೆ ಒತ್ತಿ ಕೂತು, ಬ್ರೇಕನ್ನು ಕೊನೆಯವರೆಗೆ ತುಳಿದಾಗ ಮೊಣಕಾಲು ಸ್ವಲ್ಪ ಬಾಗಿರುವಷ್ಟು ಸೀಟನ್ನು ಹಿಂದೆ ಸರಿಸಲಿ. ಈಗ ಮೊಣಕಾಲು ಸ್ಟೀರಿಂಗಿನ ಕೆಳಭಾಗಕ್ಕೆ ತಾಗಬಾರದು. ಭುಜ ಒರಗಿಗೆ ಅಂಟಿದ್ದಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ತುದಿಯ ಮೇಲೆ ಕೂರಬೇಕು.

ಇಲ್ಲೇ ಇರುವುದು ಗುಟ್ಟು. ಎಷ್ಟೋ ಕಾರುಗಳಲ್ಲಿ ಸ್ಟೀರಿಂಗು ಮೇಲೆ ಕೆಳಗೆ ಮಾತ್ರ ಆಡುತ್ತದೆ, ನಮ್ಮ ಕಡೆಗೆ ಬರುವುದಿಲ್ಲ. ಕಾಲಿಗೆಂದು ಸೀಟು ಹಿಂದೆ ಸರಿಸಿದರೆ ಕೈಗೆ ಸ್ಟೀರಿಂಗು ಎಟುಕದು. ಕೈಗೆಂದು ಮುಂದೆ ಸರಿಸಿದರೆ ಕಾಲು ಮಡಚಿಕೊಳ್ಳಬೇಕು. ಇವರ ಜೋಮಿಗೂ ಬೆನ್ನುನೋವಿಗೂ ಕಾರಣ ಇದೇ ಆಗಿತ್ತು. ಎಳೆದರೆ ನಮ್ಮತ್ತ ಬರುವ ಸ್ಟೀರಿಂಗಿಗೆ ಟೆಲಿಸ್ಕೋಪಿಕ್ ಎನ್ನುತ್ತಾರೆ. ಅದು ಒಂದೇ ಕಾರಿನ ಕಡಿಮೆ ಬೆಲೆಯ ನಮೂನೆಯಲ್ಲಿ ಇಲ್ಲದೆ, ಮೇಲಿನದರಲ್ಲಿ ಇರುವುದುಂಟು. ಕೇಳಿ ಸುಮ್ಮನಾಗಬೇಡಿ, ಎಳೆದು ನೋಡಿ.

ತೊಡೆಯನ್ನೂ ಮರೆಯಬೇಡಿ. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ಎರಡು ಮೂರು ಬೆರಳು ಅಂತರ ಸಾಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ತೊಡೆಗೆ ಆಸರೆಯಿಲ್ಲದೆ ದೂರದ ದಾರಿಯಲ್ಲಿ ಸೊಂಟ ಹಿಡಿಯುತ್ತದೆ. ತಲೆಗೂ ಸೂರಿಗೂ ನಡುವೆ ನಾಲ್ಕು ಬೆರಳು ಆಡಬೇಕು, ಉಬ್ಬಿನ ಮೇಲೆ ಹಾರಿದಾಗ ಬಡಿಯಬಾರದಲ್ಲ. ತಲೆಯ ಹಿಂದಿನ ದಿಂಬು ಕುತ್ತಿಗೆಗೇ ನಿಂತುಬಿಟ್ಟರೆ ಹಿಂದಿನಿಂದ ಯಾರಾದರೂ ಗುದ್ದಿದಾಗ ಕತ್ತಿಗೆ ಅಪಾಯ. ಅದರ ತುದಿ ನೆತ್ತಿಯ ಮಟ್ಟಕ್ಕೆ ಬರಬೇಕು. ಎತ್ತರದವರಿಗೆ ಮುಂದಿನ ಗಾಜಿನ ಮೇಲಂಚು ಅಡ್ಡ ಬಂದು ಸಿಗ್ನಲ್ ದೀಪ ಕಾಣದಿರುವುದೂ ಉಂಟು.

ಒಂದು ದೊಡ್ಡ ಗಾಡಿಯಲ್ಲಿ ಎಲ್ಲ ಸರಿಹೋಗಿ ತಲೆ ಮಾತ್ರ ಸೂರಿಗೆ ತಾಗಿತು. ನೋಡಿದರೆ ಮೇಲೆ ಗಾಜಿನ ಕಿಟಕಿ! ಅದರ ಚೌಕಟ್ಟು, ಪರದೆ ಎಲ್ಲ ಸೇರಿ ಒಳಗಿನ ಎತ್ತರವನ್ನು ನುಂಗಿದ್ದವು.

"ಮೇಡಂ, ಸನ್‌ರೂಫ್ ಇಲ್ಲದ ಗಾಡಿ ಈಗ ಯಾರೂ ಕೇಳಲ್ಲ" ಎಂದ ಶೋರೂಮಿನ ಹುಡುಗ.

"ನನಗೆ ಆಕಾಶ ಬೇಡಪ್ಪಾ, ತಲೆಗೆ ಜಾಗ ಬೇಕು" ಎಂದರು ಇವರು.

ಅದೇ ಗಾಡಿಯ ಕಿಟಕಿಯಿಲ್ಲದ ನಮೂನೆಯಲ್ಲಿ ಕೂತರೆ ಮೂರು ಬೆರಳು ಆಡಿತು. ಬೆಲೆಯೂ ಕಡಿಮೆ. ಆದರೆ ನಮ್ಮ ಓಣಿಗೆ ಹಿಡಿಸದ್ದರಿಂದ ಬಿಟ್ಟೆವು. ಜೆ.ಸಿ. ರಸ್ತೆಯಲ್ಲಿ ದಪ್ಪನೆಯ ಮೆತ್ತೆ, ಸೀಟಿನ ಹೊದಿಕೆ ಹಾಕಿಸುವ ಆಸೆಯಿದ್ದವರೂ ನೆನಪಿಡಿ: ಮೆತ್ತೆ ಏರಿದಷ್ಟೂ ಸೂರು ಇಳಿಯುತ್ತದೆ.

ಓಡಿಸುವವರ ಸೀಟನ್ನು ಅವರಿಗೆ ಬೇಕಾದಲ್ಲಿ ಬಿಟ್ಟು, ನೀವು ಸರಿಯಾಗಿ ಅದರ ಹಿಂದೆ ಕೂತು ನೋಡಿ. ಮನೆಯ ಹಿರಿಯರನ್ನೂ ಕರೆದೊಯ್ಯಿರಿ. ನಮ್ಮ ಅತ್ತೆಯವರಿಗೆ ಎಪ್ಪತ್ತೆಂಟು, ಮಂಡಿನೋವು. ಒಂದು ಗಾಡಿಯ ಮುಂದೆ ನಿಂತು, "ಇದೇನೋ, ಕಾರೋ ಅಟ್ಟವೋ? ಏಣಿ ಕೊಡ್ತಾರೇನೋ ಕೇಳು" ಎಂದು ಮಗನನ್ನು ಕೇಳಿದರು. ಸೀಟು ಮನೆಯ ದಿವಾನದ ಎತ್ತರದಲ್ಲಿದ್ದರೆ ವಯಸ್ಸಾದವರು ಸೀರೆ ಎತ್ತಿ ಹಿಡಿಯದೆ, ಹಾಗೇ ತಿರುಗಿ ಕೂತುಬಿಡಬಹುದು. ಬಾಗಿಲ ಪಕ್ಕ ಹಿಡಿದುಕೊಳ್ಳಲು ಆಸರೆ ಇರಬೇಕು. ಉದ್ದ ಕಾಲಿನ ಮಗನಿಗೂ ಸೋತ ಕಾಲಿನ ತಾಯಿಗೂ ಒಂದೇ ಗಾಡಿ ಒಗ್ಗಬೇಕು, ಅದೇ ಕಷ್ಟ.

ಪರೀಕ್ಷೆಗೆ ಓಡಿಸುವುದು ಎಂದರೆ ಶೋರೂಮಿನ ಸುತ್ತ ಒಂದು ಪ್ರದಕ್ಷಿಣೆ ಅಲ್ಲ. ನಾವು ಗಾಂಧಿ ಬಜಾರಿನಿಂದ ಹೊರಟು, ಚಾಮರಾಜಪೇಟೆ ಹಾದು, ಮಲ್ಲೇಶ್ವರದ ಎಂಟನೇ ಕ್ರಾಸಿನವರೆಗೆ ಸಂಜೆಯ ಗದ್ದಲದಲ್ಲೇ ಹೋಗಿಬಂದೆವು. ನೋವು ಏಳುವುದು ಅರ್ಧ ಗಂಟೆಯ ಮೇಲೆಯೇ. ನಿಮ್ಮ ಊರಿನಲ್ಲಿ ಶೋರೂಮು ಇಲ್ಲದಿದ್ದರೆ, ನಿಮಗೆ ಬೇಕಾದ ಗಾಡಿ ಇರುವ ನೆಂಟರನ್ನು ಕೇಳಿ ಒಂದು ಸುತ್ತು ಕೂತು ನೋಡಿ, ಸಂಕೋಚವೇನಿಲ್ಲ. ಬಿಡದಿಯಲ್ಲಿ ತಯಾರಾಗಿ 2000ದಲ್ಲಿ ಬಂದ ಕ್ವಾಲಿಸ್, ಅದರ ಜಾಗಕ್ಕೆ 2005ರಲ್ಲಿ ಬಂದ ಇನ್ನೋವಾ ಮನೆಮಾತಾದದ್ದು ಹೀಗೆಯೇ. ಮದುವೆಗೋ ಧರ್ಮಸ್ಥಳಕ್ಕೋ ಬಾಡಿಗೆಗೆ ಹಿಡಿದು, ಕೂತು, ಸುಖ ಕಂಡವರೇ ಆಮೇಲೆ ಕೊಂಡರು.

ಆರು ಗಾಡಿ ಅಳೆದ ಮೇಲೆ ಕೊನೆಗೆ ನಾಲ್ಕು ಮೀಟರಿನೊಳಗಿನದೊಂದು, ಮೇಲೆ ಕಿಟಕಿಯಿಲ್ಲದ್ದು, ಸ್ಟೀರಿಂಗು ಎಳೆದರೆ ಬರುವಂಥದ್ದು ನಮ್ಮ ಮನೆಗೆ ಬಂತು. ಹೆಸರು ಬರೆದರೆ ಜಾಹೀರಾತಾದೀತು. ನಮಗೆ ಹೊಂದಿದ್ದು ನಿಮ್ಮವರಿಗೆ ಹೊಂದಬೇಕೆಂದೂ ಇಲ್ಲ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಬೆನ್ನು ಉದ್ದ. ಸಾಲದ ಕಂತು ಸಂಬಳದಲ್ಲಿ ಹೋಗುತ್ತಿದೆ, ಎಫ್‌ಡಿ ಹಾಗೇ ಇದೆ. ಮೊದಲ ಸಲ ಊರಿಗೆ ಹೋದಾಗ ಇವರು ಅಂಗಳದಲ್ಲಿ ಇಳಿದವರೇ ಚೀಲ ಹೊತ್ತು ನೆಟ್ಟಗೆ ಒಳಗೆ ನಡೆದರು. ಅಷ್ಟು ಸಾಕು.

ಮಗಳಿಗೆ ಅಪ್ಪನ ಎತ್ತರವೇ ಬಂದಿದೆ. ಮುಂದಿನ ವರ್ಷ ಲೈಸೆನ್ಸ್ ತೆಗೆದುಕೊಳ್ಳುತ್ತಾಳೆ. ಎತ್ತರದ ಹುಡುಗಿಯರಿಗೆ ಬೆನ್ನು ಬಗ್ಗಿಸಿ ನಡೆಯುವ ಅಭ್ಯಾಸವನ್ನು ನಾವೇ ಕಲಿಸಿಬಿಡುತ್ತೇವೆ. ಕಾರಿನಲ್ಲಾದರೂ ಅವರು ನೆಟ್ಟಗೆ ಕೂರಲಿ. ಕಾರು ಕೊಳ್ಳುವ ಮಾತು ಗಂಡಸರದು ಎಂದು ಕಾಫಿ ಲೋಟ ಇಟ್ಟು ಒಳಗೆ ಹೋಗಬೇಡಿ ಸೋದರಿಯರೇ. ಇಂಜಿನ್ನಿನ ಶಕ್ತಿ ಅವರು ನೋಡಿಕೊಳ್ಳಲಿ. ಮನೆಯವರ ಮೈಯಳತೆ ನಮ್ಮಷ್ಟು ಬಲ್ಲವರು ಯಾರಿದ್ದಾರೆ?