ಹಿತ್ತಲಿನ ಬೀಜವನ್ನು ಕಾಯುವವರಾರು?

ಅವರೆ, ಹೀರೆ, ಸೋರೆ, ಕುಂಬಳ, ಬದನೆ, ದಂಟು—ಇವೆಲ್ಲ ನಮ್ಮ ನಾಡಿನ ಮನೆಗಳ ಹಿತ್ತಲಿನಲ್ಲಿ ಬಹುಕಾಲದಿಂದ ಬೆಳೆದುಬಂದಿರುವ ಗಿಡಬಳ್ಳಿಗಳು. ಇವುಗಳ ಬೀಜವನ್ನು ಅಂಗಡಿಯಿಂದ ಕೊಂಡುತರುವ ವಾಡಿಕೆ ಹಿಂದೆ ಅಪರೂಪವಾಗಿತ್ತು. ಬಳ್ಳಿಯಲ್ಲಿ ಚೆನ್ನಾಗಿ ಬಲಿತ ಒಂದೆರಡು ಕಾಯಿಗಳನ್ನು ಕೀಳದೆ ಬಿಟ್ಟು, ಅವು ಒಣಗಿದ ಮೇಲೆ ಬೀಜ ತೆಗೆದು, ಮುಂದಿನ ಮಳೆಗಾಲದವರೆಗೆ ಜೋಪಾನಮಾಡುವುದು ಬಹುಮಟ್ಟಿಗೆ ಮನೆಯ ಹಿರಿಯ ಹೆಂಗಸರ ಕೆಲಸವಾಗಿತ್ತು. ನೆರೆಮನೆಯವರು ಕೇಳಿದರೆ ಒಂದು ಹಿಡಿ ಕೊಡುವರು. ತಮ್ಮಲ್ಲಿ ತೀರಿದಾಗ ಅವರಿಂದ ತರುವರು. ಈ ಕೊಡುಕೊಳ್ಳುವಿಕೆಗೆ ಲೆಕ್ಕಪತ್ರವಿರಲಿಲ್ಲ. ಆದರೂ ಊರೂರಿಗೆ ಬೇರೆಬೇರೆಯಾದ ಎಷ್ಟೋ ತಳಿಗಳು ನಮ್ಮ ಕಾಲದವರೆಗೆ ಉಳಿದುಬಂದದ್ದು ಇದರಿಂದಲೇ. ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳ ಬದನೆಯನ್ನೇ ನೋಡಿರಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಆದರೆ ಆ ಮನ್ನಣೆ ಬರುವ ಕಾಲಕ್ಕೆ ಅದು ಬದುಕಿ ಉಳಿದಿದ್ದುದು ಅಲ್ಲಿನವರು ವರ್ಷವರ್ಷವೂ ಬೀಜ ತೆಗೆದಿಟ್ಟು ಬಿತ್ತುತ್ತ ಬಂದುದರಿಂದ.

ಈಗ ಈ ಸರಪಣಿಯ ಕೊಂಡಿಗಳು ಒಂದೊಂದಾಗಿ ಕಳಚುತ್ತಿವೆ. ಅಂಗಡಿಯ ಬೀಜದ ಪೊಟ್ಟಣವೇ ಇದಕ್ಕೆ ಕಾರಣವೆಂದು ದೂರುವವರಿದ್ದಾರೆ. ನಮ್ಮ ಅಭಿಪ್ರಾಯ ಬೇರೆ. ಹಿರಿಯರು ಮುಂದಿನವರಿಗೆ ಕೆಲಸವನ್ನು ಕಲಿಸಿದರು. ಅದರ ಕಾರಣವನ್ನು ಹೇಳಿಕೊಡುವವರು ಇರಲಿಲ್ಲ. ಮನೆಯ ರೀತಿ ಬದಲಾದೊಡನೆ ಕೆಲಸವು ನಿಂತಿತು. ಕಾರಣ ತಿಳಿಯದಿದ್ದುದರಿಂದ ಅದನ್ನು ಹೊಸ ರೀತಿಗೆ ಹೊಂದಿಸಿಕೊಳ್ಳಲಾಗಲಿಲ್ಲ. ಆ ಕಾರಣವನ್ನು ತಿಳಿದು ಕೆಲಸವನ್ನು ಮುಂದುವರಿಸುವ ಹೊಣೆ ವಿಜ್ಞಾನದ ವಿದ್ಯಾರ್ಥಿಗಳದು ಎಂಬುದೇ ಈ ಲೇಖನದ ವಾದ.

ಭೌತಶಾಸ್ತ್ರ ಬೋಧಿಸುವ ನಮಗೆ ಬೀಜದ ಗೊಡವೆ ಏಕೆ ಎಂದು ಕೇಳಬಹುದು. ಬಟಾಣಿ ಗಿಡಗಳಿಂದ ಆನುವಂಶಿಕತೆಯ ನಿಯಮಗಳನ್ನು ಕಂಡುಹಿಡಿದ ಗ್ರೆಗೊರ್ ಮೆಂಡೆಲರು ವಿಯೆನ್ನಾದಲ್ಲಿ ಡಾಪ್ಲರರ ಬಳಿ ಭೌತಶಾಸ್ತ್ರ ಕಲಿತು, ಬ್ರನೋ ಪಟ್ಟಣದ ಶಾಲೆಯಲ್ಲಿ ಅದನ್ನೇ ಬೋಧಿಸುತ್ತಿದ್ದವರು. ಅವರ ಪ್ರಯೋಗಶಾಲೆ ತಮ್ಮ ಮಠದ ತೋಟ. ಅಲ್ಲದೆ ಬೀಜವನ್ನು ಕಾಪಾಡುವ ವಿದ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಶಾಖ ಮತ್ತು ಆರ್ದ್ರತೆಗಳ ಪಾಠವೇ ಆಗಿದೆ.

ಬೀಜವು ಜಡವಸ್ತುವಲ್ಲ. ಅದರೊಳಗಿನ ಭ್ರೂಣವು ಜೀವಂತವಾಗಿದ್ದು, ಬಹು ಮೆಲ್ಲಗೆ ಉಸಿರಾಡುತ್ತಿರುತ್ತದೆ. ತೇವ ಹೆಚ್ಚಿದಷ್ಟೂ, ಶಾಖ ಹೆಚ್ಚಿದಷ್ಟೂ ಉಸಿರಾಟ ತೀವ್ರವಾಗುತ್ತದೆ. ಕೂಡಿಟ್ಟ ಆಹಾರ ವ್ಯಯವಾಗುತ್ತದೆ. ಬೀಜ ಬೇಗ ಮುದಿಯಾಗುತ್ತದೆ. ಇದಕ್ಕೆ ಅಮೆರಿಕದ ಬೀಜವಿಜ್ಞಾನಿ ಹ್ಯಾರಿಂಗ್ಟನ್ ಒಂದು ಸ್ಥೂಲ ನಿಯಮವನ್ನು ಕೊಟ್ಟಿದ್ದಾರೆ. ಬೀಜದ ತೇವಾಂಶವು ಶೇಕಡಾ 1ರಷ್ಟು ಇಳಿದರೆ ಅದರ ಆಯುಷ್ಯ ಇಮ್ಮಡಿಯಾಗುತ್ತದೆ. ಉಷ್ಣತೆಯು 5 ಡಿಗ್ರಿ ಸೆಂಟಿಗ್ರೇಡ್ ಇಳಿದರೂ ಇಮ್ಮಡಿಯಾಗುತ್ತದೆ. ತೇವಾಂಶವು ಶೇಕಡಾ 5ರಿಂದ 14ರ ಒಳಗೆ ಇರುವಾಗ ಈ ನಿಯಮ ಸುಮಾರಾಗಿ ಅನ್ವಯಿಸುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಶೇಕಡಾ 14 ತೇವಾಂಶವಿರುವ ಬೀಜವನ್ನು 30 ಡಿಗ್ರಿಯ ಕೋಣೆಯಿಂದ ತೆಗೆದು 5 ಡಿಗ್ರಿಯ ಶೀತಪೆಟ್ಟಿಗೆಯಲ್ಲಿಟ್ಟರೆ ಉಷ್ಣತೆಯಲ್ಲಿ ಐದು ಮೆಟ್ಟಿಲು ಇಳಿದಂತಾಯಿತು. ಆಯುಷ್ಯ 32 ಪಟ್ಟು ಹೆಚ್ಚುತ್ತದೆ. ಹಾಗೆ ಮಾಡದೆ, ಕೋಣೆಯಲ್ಲಿಯೇ ಇಟ್ಟು ತೇವಾಂಶವನ್ನು 14ರಿಂದ 9ಕ್ಕೆ ಇಳಿಸಿದರೂ ಮೆಟ್ಟಿಲುಗಳು ಐದೇ; ಆಯುಷ್ಯ ಹೆಚ್ಚುವುದು ಅದೇ 32 ಪಟ್ಟು. ವಿದ್ಯುತ್ತು ಬೇಡುವ ಯಂತ್ರ ಮಾಡುವಷ್ಟೇ ಉಪಕಾರವನ್ನು ಬಿಸಿಲೂ ಬಿದಿರಿನ ಮೊರವೂ ಮಾಡಬಲ್ಲವು ಎಂದಾಯಿತು. ಎರಡನ್ನೂ ಕೂಡಿಸಿದರೆ 32ನ್ನು 32ರಿಂದ ಗುಣಿಸಬೇಕು.

ಈ ದೃಷ್ಟಿಯಿಂದ ನಮ್ಮ ಹಳೆಯ ಅಡಿಗೆಮನೆಯ ಅಟ್ಟವನ್ನು ಪರೀಕ್ಷಿಸೋಣ. ಹೀರೆಯ, ಸೋರೆಯ ಒಣಕಾಯಿಗಳನ್ನು ಒಲೆಯ ಮೇಲ್ಗಡೆ ತೂಗುಹಾಕುತ್ತಿದ್ದರಷ್ಟೆ. ಮಳೆಗಾಲದ ಗಾಳಿಯ ಉಷ್ಣತೆ 25 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡಾ 90 ಎಂದಿಟ್ಟುಕೊಳ್ಳಿರಿ. ಇಂತಹ ಗಾಳಿಯಲ್ಲಿ ಬೀಜ ಕೆಲವೇ ವಾರಗಳಲ್ಲಿ ಬೂಷ್ಟು ಹಿಡಿಯುತ್ತದೆ. ಅದೇ ಗಾಳಿಯನ್ನು ಒಲೆಯ ಶಾಖವು 35 ಡಿಗ್ರಿಗೆ ಏರಿಸಿದರೆ, ಅದರಲ್ಲಿರುವ ನೀರಾವಿ ಅಷ್ಟೇ ಇದ್ದರೂ ಅದು ಹೊರಬಲ್ಲ ನೀರಾವಿಯ ಗರಿಷ್ಠ ಪ್ರಮಾಣ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟಾಗುವುದು. ಆದುದರಿಂದ ಸಾಪೇಕ್ಷ ಆರ್ದ್ರತೆ ಶೇಕಡಾ 90ರಿಂದ ಸುಮಾರು 50ಕ್ಕೆ ಇಳಿಯುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದುದರಿಂದ ಬೀಜದ ಆಯುಷ್ಯ ಕಾಲುಭಾಗಕ್ಕೆ ಇಳಿಯುವುದೆಂಬುದು ನಿಜ. ಆದರೆ ತೇವಾಂಶ ಇಳಿದುದರಿಂದ ಆಗುವ ಲಾಭ ಈ ನಷ್ಟವನ್ನು ಎಷ್ಟೋ ಮೀರಿಸುತ್ತದೆ. ಹೊಗೆಯಿಂದ ಹುಳುಗಳ ಕಾಟವೂ ಕಡಿಮೆ. ಆರ್ದ್ರತಾಮಾಪಕವನ್ನು ಕಣ್ಣಿನಿಂದಲೂ ಕಾಣದವರು ಮಳೆನಾಡಿನಲ್ಲಿ ಒಂದು ಶುಷ್ಕಸ್ಥಳವನ್ನು ಹೀಗೆ ಹುಡುಕಿಕೊಂಡಿದ್ದರು.

ಈಗ ಸೌದೆಯ ಒಲೆಯ ಸ್ಥಾನದಲ್ಲಿ ಅನಿಲದ ಒಲೆ ಬಂದಿದೆ. ಹೊಗೆಯಿಂದ ಕಣ್ಣು ಕೆಡಿಸಿಕೊಳ್ಳುತ್ತಿದ್ದ ತಾಯಂದಿರಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ. ಆ ಹೊಗೆ ಮತ್ತೆ ಬರಲೆಂದು ಯಾರೂ ಬಯಸಬೇಕಾಗಿಲ್ಲ. ಆದರೆ ಅಟ್ಟದ ಗುಣವೂ ಅದರೊಡನೆ ಹೋಯಿತು. ಇಂದು ಕಾಯಿಯನ್ನು ಅಡಿಗೆಮನೆಯ ಮೂಲೆಯಲ್ಲಿ ತೂಗುಹಾಕಿ, ಬೀಜ ಮೊಳೆಯಲಿಲ್ಲವೆಂದು ನಿರಾಶರಾಗುವವರು ಆಚಾರವನ್ನು ಉಳಿಸಿಕೊಂಡಿದ್ದಾರೆ, ಕಾರಣವನ್ನು ಕಳೆದುಕೊಂಡಿದ್ದಾರೆ. ಕಾರಣವನ್ನು ಬಲ್ಲವರು ಒಂದು ಗಾಜಿನ ಸೀಸೆಯಲ್ಲಿಯೇ ಅಟ್ಟವನ್ನು ಕಟ್ಟಿಕೊಳ್ಳಬಹುದು. ಬೀಜವನ್ನು ಮೊದಲು ಎಳೆಬಿಸಿಲಿನಲ್ಲಿಯೂ ಬಳಿಕ ನೆರಳಿನಲ್ಲಿಯೂ ಒಣಗಿಸಬೇಕು; ನಡುಹಗಲಿನಲ್ಲಿ ಕಾದ ತಗಡಿನ ಮೇಲೆ ಹರಡಿದರೆ ಭ್ರೂಣವೇ ಸಾಯಬಹುದು. ಅನಂತರ ಚೆನ್ನಾಗಿ ಹುರಿದು, ಮುಚ್ಚಿಟ್ಟು ಆರಿಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಬೀಜದೊಡನೆ ಸೀಸೆಯಲ್ಲಿಟ್ಟು, ಬಿರಡೆಯನ್ನು ಬಿಗಿಯಾಗಿ ಹಾಕಬೇಕು. ಹುರಿದ ಅಕ್ಕಿ ತೇವವನ್ನು ಹೀರಿಕೊಳ್ಳುತ್ತದೆ. ಸೀಸೆಯನ್ನು ಶೀತಪೆಟ್ಟಿಗೆಯಲ್ಲಿ ಇಡುವುದಾದರೆ, ಹೊರತೆಗೆದೊಡನೆ ಬಿರಡೆ ತೆರೆಯಬಾರದು. ತಣ್ಣನೆಯ ಬೀಜದ ಮೇಲೆ ಹೊರಗಿನ ನೀರಾವಿ ಇಬ್ಬನಿಯಂತೆ ಕೂಡುತ್ತದೆ.

ಬೀಜ ಒಣಗಿತೆಂಬುದನ್ನು ಅರಿಯುವುದು ಹೇಗೆ? ಒಣಗಿದ ಅಡಿಗೆಯ ಉಪ್ಪನ್ನು ಬೀಜದೊಡನೆ ಒಣ ಸೀಸೆಯಲ್ಲಿ ಹಾಕಿ ಚೆನ್ನಾಗಿ ಕುಲುಕಿ ಸ್ವಲ್ಪ ಹೊತ್ತು ಬಿಡಿರಿ. ಉಪ್ಪು ಸೀಸೆಯ ಗೋಡೆಗೆ ಅಂಟಿಕೊಂಡರೆ ಬೀಜ ಇನ್ನೂ ಹಸಿಯೆಂದರ್ಥ. ಸಾಪೇಕ್ಷ ಆರ್ದ್ರತೆ ಶೇಕಡಾ 75ನ್ನು ಮೀರಿದಾಗ ಉಪ್ಪು ನೀರೊಡೆಯುತ್ತದೆ. ಧಾನ್ಯಗಳಲ್ಲಿ ಆ ಆರ್ದ್ರತೆಗೆ ಸರಿಹೊಂದುವ ತೇವಾಂಶ ಸುಮಾರು 14. ಉಪ್ಪು ಅಂಟದಿದ್ದರೆ ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾದಂತಷ್ಟೆ. ಇನ್ನೂ ಒಣಗಿಸುತ್ತ, ದಿನವೂ ತೂಗುತ್ತ, ತೂಕ ಇಳಿಯುವುದು ನಿಲ್ಲುವವರೆಗೆ ಕಾಯಬೇಕು. ಕಾಲೇಜಿನ ತಕ್ಕಡಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇಕೆ?

ಜೀವವನ್ನು ಕಾಪಾಡಿದರೆ ಸಾಲದು. ತಳಿಯ ಗುಣವನ್ನೂ ಕಾಪಾಡಬೇಕು. ಅವರೆ, ಅಲಸಂದೆ, ಬಟಾಣಿ, ಟೊಮೇಟೊಗಳಲ್ಲಿ ಬಹುಮಟ್ಟಿಗೆ ಹೂವಿನ ಪರಾಗವೇ ಅದೇ ಹೂವಿಗೆ ಸೇರುತ್ತದೆ. ಬೀಜ ತಾಯಿಗಿಡದ ಗುಣವನ್ನೇ ಒಯ್ಯುತ್ತದೆ. ಕುಂಬಳ, ಸೋರೆ, ಸೌತೆಗಳ ಸಂಗತಿ ಬೇರೆ. ಜೇನು ಒಂದು ಹಿತ್ತಲಿನ ಪರಾಗವನ್ನು ಮತ್ತೊಂದಕ್ಕೆ ಒಯ್ಯುತ್ತದೆ. ಬೆರಕೆಯಾದುದು ಈ ವರ್ಷದ ಕಾಯಿಯಲ್ಲಿ ಕಾಣುವುದಿಲ್ಲ. ಮುಂದಿನ ವರ್ಷದ ಬಳ್ಳಿಯಲ್ಲಿ ಕಾಣುತ್ತದೆ. ಅರಳುವ ಮುನ್ನವೇ ಹೆಣ್ಣು ಹೂವಿಗೂ ಗಂಡು ಹೂವಿಗೂ ದಾರ ಕಟ್ಟಿ, ಅರಳುವ ಹೊತ್ತಿಗೆ ಕೈಯಾರೆ ಪರಾಗ ಮುಟ್ಟಿಸಿ, ಮತ್ತೆ ಕಟ್ಟಿ ಗುರುತುಮಾಡಿದರೆ ಈ ಬೆರಕೆಯನ್ನು ತಡೆಯಬಹುದು. ಇನ್ನು ಅಂಗಡಿಯ ಸಂಕರ ತಳಿಯ ಬೀಜ ಚೆನ್ನಾಗಿ ಫಲ ಕೊಟ್ಟಿತೆಂದು ಅದರಿಂದ ಬೀಜ ತೆಗೆದಿಡುವವರು ಮೆಂಡೆಲರ ಲೆಕ್ಕವನ್ನು ನೆನೆಯಬೇಕು. ಹಳದಿ ಮತ್ತು ಹಸಿರು ಬಟಾಣಿಗಳ ಸಂಕರದಿಂದ ಹುಟ್ಟಿದ ಬೀಜವೆಲ್ಲ ಹಳದಿಯಾಗಿತ್ತು. ಅದರ ಮುಂದಿನ ಪೀಳಿಗೆಯಲ್ಲಿ 6022 ಹಳದಿಯೂ 2001 ಹಸಿರೂ ಕಂಡವು. ಅಡಗಿದ್ದ ಗುಣಗಳು ಹೀಗೆ ಬೇರ್ಪಟ್ಟು ಹೊರಬರುವುದರಿಂದ ಸಂಕರ ತಳಿಯ ಮಕ್ಕಳು ತಾಯಿಯನ್ನು ಹೋಲುವುದಿಲ್ಲ. ಇದು ಮಾರಾಟಗಾರರ ಮೋಸವಲ್ಲ, ನಿಸರ್ಗದ ನಿಯಮ.

ಎಲ್ಲ ಬೀಜವನ್ನೂ ಸೀಸೆಯಲ್ಲಿ ಇಡಲಾಗದು. ಮಾವು, ಹಲಸುಗಳ ಬೀಜ ಒಣಗಿದರೆ ಸಾಯುತ್ತದೆ. ಮಲೆನಾಡಿನ ಹೊಳೆಯ ದಂಡೆಗಳ ಅಪ್ಪೆಮಿಡಿ ಮಾವನ್ನು ಓಟೆಯ ರೂಪದಲ್ಲಿ ಕೂಡಿಡುವಂತಿಲ್ಲ. ನೆಟ್ಟರೂ ತಾಯಿಮರದ ಗುಣವೇ ಬರುವುದೆಂಬ ಭರವಸೆಯಿಲ್ಲ. ರೆಂಬೆಯನ್ನು ತಂದು ಕಸಿಕಟ್ಟಿ, ಮರವನ್ನೇ ಮನೆಯಂಗಳದಲ್ಲಿ ಬೆಳೆಸುವುದೊಂದೇ ದಾರಿ. ಮಲ್ಲಿಗೆ, ದಾಸವಾಳಗಳನ್ನು ಕಡ್ಡಿಯಿಂದಲೂ ಬಾಳೆಯನ್ನು ಕಂದಿನಿಂದಲೂ ಬೆಳೆಸುವಲ್ಲಿಯೂ ತಾಯಿಯ ಗುಣ ಹಾಗೆಯೇ ಉಳಿಯುತ್ತದೆ. ಆದರೆ ತಾಯಿಯ ದೌರ್ಬಲ್ಯವೂ ಹಾಗೆಯೇ ಉಳಿಯುತ್ತದೆ. ನಂಜನಗೂಡಿನ ರಸಬಾಳೆಯ ತೋಟಗಳನ್ನು ಪನಾಮಾ ಸೊರಗುರೋಗ ಹಾಳುಮಾಡಿದಾಗ, ಒಂದೇ ಗುಣದ ಗಿಡಗಳಲ್ಲಿ ರೋಗವನ್ನು ಎದುರಿಸಬಲ್ಲ ಮತ್ತೊಂದು ಗುಣವನ್ನು ಹುಡುಕುವುದು ಸಾಧ್ಯವಿರಲಿಲ್ಲ. ಬೀಜದಿಂದ ಬರುವ ವೈವಿಧ್ಯ ಏಕೆ ಬೇಕೆಂಬುದಕ್ಕೆ ಇದೇ ಉತ್ತರ.

ಇಷ್ಟೆಲ್ಲ ತೊಂದರೆ ಮನೆಯವರಿಗೇಕೆ, ಸರಕಾರಗಳ ಬೀಜಭಂಡಾರಗಳಿಲ್ಲವೆ ಎಂದು ಕೆಲವರು ಕೇಳುತ್ತಾರೆ. ಇವೆ. ದೆಹಲಿಯ ರಾಷ್ಟ್ರೀಯ ಭಂಡಾರದಲ್ಲಿಯೂ, ಉತ್ತರ ಧ್ರುವದ ಸಮೀಪದ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಭಂಡಾರದಲ್ಲಿಯೂ ಬೀಜಗಳನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಉಷ್ಣತೆಯಲ್ಲಿ ಕಾಪಾಡುತ್ತಾರೆ. ಸಿರಿಯಾದ ಯುದ್ಧದಿಂದ ಅಲೆಪ್ಪೊ ಬಳಿಯ ಬೀಜಭಂಡಾರದ ಕೆಲಸ ಕೆಟ್ಟಾಗ, 2015ರಲ್ಲಿ ಸ್ವಾಲ್ಬಾರ್ಡ್‌ನಿಂದಲೇ ಬೀಜ ಹಿಂದಕ್ಕೆ ಪಡೆದು ಬೇರೆ ದೇಶಗಳಲ್ಲಿ ಬಿತ್ತಿದರು. ಇಂತಹ ಭಂಡಾರ ಅತ್ಯಗತ್ಯ. ಆದರೆ ಅದಕ್ಕೆ ಸೇರುವುದು ಯಾರೋ ಕಂಡು, ಗುರುತಿಸಿ, ಕಳುಹಿಸಿದ ತಳಿ ಮಾತ್ರ. ನಿಮ್ಮ ಅಜ್ಜಿಯ ಹಿತ್ತಲಿನ ಅವರೆಯ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲದಿರಬಹುದು. ಮೇಲಾಗಿ ಭಂಡಾರದಲ್ಲಿರುವ ಬೀಜ ನಿದ್ರಿಸುತ್ತಿರುತ್ತದೆ. ಹಿತ್ತಲಿನ ಬೀಜ ವರ್ಷವರ್ಷವೂ ಬದಲಾಗುತ್ತಿರುವ ಮಳೆಯನ್ನೂ ಹುಳುವನ್ನೂ ಎದುರಿಸಿ ಬರುತ್ತದೆ. ಒಂದು ಮತ್ತೊಂದರ ಕೆಲಸವನ್ನು ಮಾಡಲಾರದು.

ಹಳೆಯದೆಲ್ಲ ಶ್ರೇಷ್ಠವೆಂಬ ಇನ್ನೊಂದು ಪಕ್ಷದ ಮಾತನ್ನೂ ನಾವು ಒಪ್ಪುವುದಿಲ್ಲ. ಬೂದಿಯಲ್ಲಿ ಬೆರೆಸಿದ ಬೀಜ ಉತ್ತಮವೋ, ಬೇವಿನ ಎಲೆಯೊಡನೆ ಇಟ್ಟುದು ಉತ್ತಮವೋ, ಸೀಸೆಯದು ಉತ್ತಮವೋ ಎಂಬುದನ್ನು ಮಾತಿನಿಂದ ತೀರ್ಮಾನಿಸಬಾರದು, ಎಣಿಸಿ ತೀರ್ಮಾನಿಸಬೇಕು. ಒದ್ದೆಬಟ್ಟೆಯಲ್ಲಿ 100 ಬೀಜಗಳನ್ನು ಸುತ್ತಿಟ್ಟು ಮೊಳೆತವನ್ನು ಲೆಕ್ಕಮಾಡಿರಿ. ಮೊಳೆತವು 80 ಆದರೆ ಆಕಸ್ಮಿಕದಿಂದ ಬರಬಹುದಾದ ವ್ಯತ್ಯಾಸ ಸುಮಾರು 4. ಹತ್ತೇ ಬೀಜ ಇಟ್ಟು ನೋಡಿದರೆ ಈ ವ್ಯತ್ಯಾಸ ನೂರಕ್ಕೆ 13ರಷ್ಟಾಗಿ, ಒಂದು ವಿಧಾನ ಮತ್ತೊಂದಕ್ಕಿಂತ ಮೇಲೆಂದು ಹೇಳುವ ಧೈರ್ಯ ಉಳಿಯುವುದಿಲ್ಲ.

ಆದುದರಿಂದ ನಮ್ಮ ಸೂಚನೆ ಇದು. ಪ್ರತಿಯೊಂದು ಪ್ರೌಢಶಾಲೆಯ, ಕಾಲೇಜಿನ ವಿಜ್ಞಾನಸಂಘವು ಒಂದು ಬೀಜದ ಕಪಾಟನ್ನು ಇಡಲಿ. ಪ್ರತಿಯೊಬ್ಬ ಸದಸ್ಯನೂ ತನ್ನ ಮನೆಯ ಅಥವಾ ಊರಿನ ಒಂದೇ ಒಂದು ತಳಿಯ ಹೊಣೆ ಹೊರಲಿ. ಬೀಜ ಕೊಟ್ಟವರು ಯಾರು, ಊರು ಯಾವುದು, ಬಿತ್ತಿದ ದಿನ, ಬೀಜ ತೆಗೆದ ದಿನ, ಎಷ್ಟು ಗಿಡಗಳಿಂದ ತೆಗೆದುದು, ನೂರಕ್ಕೆ ಎಷ್ಟು ಮೊಳೆತವು—ಇವನ್ನು ಪುಸ್ತಕದಲ್ಲಿ ಬರೆದಿಡಲಿ. ಕಾಲೇಜು ಬಿಡುವಾಗ ಪುಸ್ತಕವನ್ನೂ ಬೀಜವನ್ನೂ ಕಿರಿಯನೊಬ್ಬನಿಗೆ ಒಪ್ಪಿಸಲಿ. ಇದಕ್ಕೆ ಬೇಕಾದುದು ಕೆಲವು ಸೀಸೆಗಳು, ಒಂದು ತಕ್ಕಡಿ, ಒಂದು ಉಷ್ಣಮಾಪಕ. ಕಾನೂನಿನ ಅಡ್ಡಿಯೂ ಇಲ್ಲ. ಬೀಜವನ್ನು ಉಳಿಸುವ, ಬಿತ್ತುವ, ಹಂಚಿಕೊಳ್ಳುವ ರೈತರ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆಯ ಕಾಯಿದೆ ಸ್ಪಷ್ಟವಾಗಿ ಮನ್ನಿಸಿದೆ. ಸಂರಕ್ಷಿತ ತಳಿಯ ಬೀಜವನ್ನು ವ್ಯಾಪಾರದ ಹೆಸರು ಹಚ್ಚಿ ಮಾರುವುದನ್ನು ಮಾತ್ರ ಅದು ತಡೆಯುತ್ತದೆ. ಆದರೆ ಬೀಜವನ್ನು ಉಳಿಸುವ ವಿದ್ಯೆಯೇ ಮರೆತುಹೋದರೆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ.

ಕಾಲಾವಕಾಶ ಬಹಳವಿಲ್ಲವೆಂಬುದನ್ನು ಮರೆಯಬಾರದು. ನಮ್ಮ ಹವೆಯಲ್ಲಿ ಹಾಗೆಯೇ ಬಿಟ್ಟ ಈರುಳ್ಳಿಯ ಬೀಜ ಒಂದೆರಡು ವರ್ಷಗಳಲ್ಲಿಯೇ ಸತ್ವ ಕಳೆದುಕೊಳ್ಳುತ್ತದೆ. ಇತರ ತರಕಾರಿಗಳಿಗೆ ಇನ್ನು ಕೆಲವು ವರ್ಷ ಹೆಚ್ಚು. ಅನೇಕ ಪೀಳಿಗೆಗಳು ಕಾಪಾಡಿದ ತಳಿಯನ್ನು ಕಳೆದುಕೊಳ್ಳಲು ಮೂರು ನಾಲ್ಕು ವರ್ಷಗಳ ಅಲಕ್ಷ್ಯ ಸಾಕು. ಈ ಸಲ ಊರಿಗೆ ಹೋದಾಗ ಅಜ್ಜಿಯನ್ನೋ ಅತ್ತೆಯನ್ನೋ ಕೇಳಿ ಒಂದು ಹಿಡಿ ಬೀಜವನ್ನು ತನ್ನಿರಿ. ಅದರ ಕಥೆಯನ್ನೂ ಕೇಳಿ ಬರೆದುಕೊಳ್ಳಿರಿ. ಬಳಿಕ ಉಪ್ಪಿನ ಪರೀಕ್ಷೆಯಿಂದ ಕೆಲಸವನ್ನು ಆರಂಭಿಸಿರಿ.