ಕ್ಯಾಪ್ಸ್ ಲಾಕ್ ಯಾರಪ್ಪನ ಆಸ್ತಿ?

ಹೋದ ತಿಂಗಳು ನಮ್ಮ ಕನ್ನಡಿಗರ ಕೂಟದ ವಾರ್ಷಿಕ ವರದಿ ಬಂತು. ಎಂಟು ಪುಟ. ಅದರಲ್ಲಿ ಎರಡು ಪುಟ ಕನ್ನಡದ ಅಳಿವು ಉಳಿವಿನ ಬಗ್ಗೆ. ಅಷ್ಟೂ ಇಂಗ್ಲಿಷ್ ಅಕ್ಷರದಲ್ಲಿ! ತಡೆಯಲಾರದೆ ಕಾರ್ಯದರ್ಶಿಗಳಿಗೆ ಫೋನ್ ಹಚ್ಚಿದೆ.

"ಏನ್ ಮಾಡೂದ್ರೀ ಸಾಹೇಬ್ರ, ಲಿನಕ್ಸ್‌ನ್ಯಾಗ ಕನ್ನಡ ಐತಿ. ಆದ್ರ ನಡುನಡುವೆ ಇಂಗ್ಲಿಷ್ ಹೆಸರು ಬರ್ತಾವ. ಸಾಲಿಗೆ ನಾಕ್ ಸಲ ಎರಡೆರಡು ಕೀಲಿ ಒತ್ತಿ ಭಾಷಾ ಬದಲಸೂದು ಸಾಕಾಗಿ ಹೋತು."

"ರೀ, 'ಎ' ಪಕ್ಕದಾಗ ಒಂದು ಉದ್ದನೆ ಕೀಲಿ ಐತಲ್ಲ, ಅದನ್ನ ಬೇಕಂತ ಕೊನೇ ಸಲ ಯಾವಾಗ ಒತ್ತೀರಿ?"

ಆ ಕಡೆಯಿಂದ ನಗು ಬಂತು, ಉತ್ತರ ಬರಲಿಲ್ಲ.

ಅಲ್ಲ ಸ್ವಾಮಿ, ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬುದೇ ಇಲ್ಲ. ಶಿಫ್ಟ್ ನಮಗೆ ಬೇಕು. ಕ ಖ ಆಗುವುದು, ಲ ಳ ಆಗುವುದು ಅದರಿಂದಲೇ. ಆದರೆ ಅದನ್ನು ಒತ್ತುವುದು ಒಂದೊಂದು ಅಕ್ಷರಕ್ಕೆ. ಸಾಲುಗಟ್ಟಲೆ ಮಹಾಪ್ರಾಣ ಬರೆಯುವವರು ಯಾರಿದ್ದಾರೆ? ಟೈಪ್‌ರೈಟರಿನಲ್ಲಿ ಶಿಫ್ಟ್ ಒತ್ತಿ ಹಿಡಿಯಲು ಬೆರಳಿಗೆ ಶಕ್ತಿ ಬೇಕಿತ್ತು, ಅದಕ್ಕೇ ಅಲ್ಲೊಂದು ಲಾಕ್ ಇಟ್ಟರು. ನಾನೂ ಟೈಪಿಂಗ್ ಲೋವರ್ ಪಾಸು ಮಾಡಿದವನೇ, ಆ ಭಾರ ಗೊತ್ತು. ಟೈಪ್‌ರೈಟರು ಗುಜರಿಗೆ ಹೋಯಿತು, ಲಾಕ್ ಮಾತ್ರ ಉಳಿಯಿತು. 1981ರ ಐಬಿಎಂ ಪಿಸಿಯಲ್ಲಿ 'ಎ' ಪಕ್ಕ ಇದ್ದದ್ದು ಕಂಟ್ರೋಲ್ ಕೀಲಿ. ಕ್ಯಾಪ್ಸ್ ಲಾಕ್ ಅಲ್ಲಿಗೆ ಬಂದದ್ದು ಆಮೇಲೆ. ಅಂದರೆ ಆ ಜಾಗದ ಮೂಲ ಒಡೆಯ ಅದಲ್ಲ!

ಬ್ಯಾಂಕಿನಲ್ಲಿ ಅದು ನನಗೆ ಮಾಡಿದ ಉಪಕಾರ ಕೇಳಿ. ಪಿಂಚಣಿ ದಿನ, ಹೊರಗೆ ಬಾಗಿಲತನಕ ಸರದಿ. ಅದು ಒತ್ತಿದ್ದು ಕಾಣದೆ ಮೂರು ಸಲ ಪಾಸ್‌ವರ್ಡ್ ಹೊಡೆದೆ. ಖಾತೆ ಬಂದ್. ಅಜ್ಜಂದಿರು ನನ್ನ ಮುಖ ನೋಡಿದ ನೋಟ ಇನ್ನೂ ಮರೆತಿಲ್ಲ.

ನಾನು ಓದಿದ್ದು ಬಿ.ಕಾಂ., ಎಂಜಿನಿಯರ್ ಅಲ್ಲ. ಆದರೂ ನನ್ನ ಮನೆಯ ಕೆಡಿಇಯಲ್ಲಿ ಹತ್ತು ನಿಮಿಷದಲ್ಲಿ ಆಯಿತು. ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ ಕನ್ನಡ ಕಗಪ ವಿನ್ಯಾಸ ಸೇರಿಸಿ, ವಿನ್ಯಾಸ ಬದಲಿಸುವ ಕೀಲಿಗಳ ಪಟ್ಟಿಯಲ್ಲಿ ಕ್ಯಾಪ್ಸ್ ಲಾಕ್‌ಗೆ ಟಿಕ್ ಹಾಕಿದೆ. ಒಂದು ಸಲ ಒತ್ತಿದರೆ ಕನ್ನಡ, ಇನ್ನೊಂದು ಸಲ ಒತ್ತಿದರೆ ಇಂಗ್ಲಿಷ್. ಹಳೆಯ ಬರಹಗಳು ಹೇಳುವ ಸೆಟ್‌ಎಕ್ಸ್‌ಕೆಬಿಮ್ಯಾಪ್ ಆದೇಶದ ಗೊಡವೆಗೆ ಹೋಗಬೇಡಿ, ವೇಲ್ಯಾಂಡ್ ಬಂದ ಮೇಲೆ ಅದನ್ನು ನಂಬುವ ಹಾಗಿಲ್ಲ. ಮೊದಲ ವಾರ ಬೆರಳು ತಪ್ಪುತ್ತದೆ, ಸುಳ್ಳೇಕೆ ಹೇಳಲಿ.

ಕಗಪ ಅಂದರೆ ಕನ್ನಡ ಗಣಕ ಪರಿಷತ್ತು. ವಿನ್ಯಾಸದ ಮೂಲ ಕೆ.ಪಿ. ರಾವ್ ಅವರದು. ಕ್ಯೂ ಒತ್ತಿದರೆ ಟ, ಡಬ್ಲ್ಯೂ ಒತ್ತಿದರೆ ಡ. ಮಜಾ ಏನೆಂದರೆ ಲಿನಕ್ಸಿನಲ್ಲಿ ಇದೇ ಕಗಪ ಹಿಂದಿಗೂ ಇದೆ, ತೆಲುಗಿಗೂ ಇದೆ, ಮರಾಠಿಗೂ ಇದೆ. ಇಲ್ಲಿ ಪೈಠಣದಲ್ಲಿ ನನ್ನ ಮರಾಠಿ ಸಹೋದ್ಯೋಗಿಯ ಲ್ಯಾಪ್‌ಟಾಪಿಗೂ ಹಾಕಿಕೊಟ್ಟೆ. ಏಕನಾಥರ ಮುತ್ತಜ್ಜ ಭಾನುದಾಸರು ವಿಠಲನ ಮೂರ್ತಿಯನ್ನು ಹಂಪಿಯಿಂದ ಪಂಢರಪುರಕ್ಕೆ ಮರಳಿ ತಂದರು ಎಂಬ ಕತೆ ಈ ಊರಿನಲ್ಲಿ ಎಲ್ಲರಿಗೂ ಗೊತ್ತು. "ಅದನ್ನ ನೀವೇ ತಂದಿರಿ, ಇದನ್ನ ನಾವೇ ಕೊಟ್ವಿ" ಅಂದೆ. ಹೊಟ್ಟೆ ಹಿಡಿದು ನಕ್ಕರು. ಈಗ ದಿನಾ ನಾಗರಿಯಲ್ಲೇ ಬರೆಯುತ್ತಾರೆ. ನಮ್ಮ ವಿನ್ಯಾಸದಲ್ಲಿ ಅವರು ಮರಾಠಿ ಬರೆಯಬೇಕು, ನಾವು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು, ಎಂಥಾ ಚಂದ!

"ಬೇರೆಯವರ ಕಂಪ್ಯೂಟರಿನಲ್ಲಿ ಕೂತರೆ ಗೊಂದಲ ಆಗೂದಿಲ್ಲೇನು?" ಅನ್ನುತ್ತಾರೆ. ಆಗುತ್ತದೆ. ಲಾಡ್ಜಿನ ಹಾಸಿಗೆ ಗಟ್ಟಿ ಅಂತ ಮನೆಯಲ್ಲೂ ಗಟ್ಟಿ ಹಾಸಿಗೆ ಹಾಕಿಸುತ್ತೀರಾ? ಮಗ "ಬಾಯಲ್ಲಿ ಹೇಳಪ್ಪ, ಅದೇ ಬರೆದುಕೊಳ್ಳತ್ತೆ" ಅನ್ನುತ್ತಾನೆ. ಎರಡು ಸಾಲಿಗೆ ಸರಿ. ನನ್ನ ಬಾಗಲಕೋಟೆ ಮಾತನ್ನು ಅದು ಬೆಂಗಳೂರಿಗೆ ತಿದ್ದತೊಡಗಿದರೆ ಸಿಟ್ಟು ಬರುತ್ತದೆ.

ಪರಊರಿನಲ್ಲಿ ಮೂವತ್ತು ವರ್ಷ ಕಳೆದವರು ನಾವು. ನೀರಿಗೆ, ರೊಟ್ಟಿಗೆ, ಮಾತಿಗೆ ಹೊಂದಿಕೊಂಡೆವು. ಅದು ಮನುಷ್ಯರ ನಡುವಿನ ಹೊಂದಾಣಿಕೆ, ಪ್ರತಿಯಾಗಿ ಪ್ರೀತಿಯೂ ಸಿಕ್ಕಿತು. ಪ್ಲಾಸ್ಟಿಕ್ ತುಂಡಿಗೂ ಹೊಂದಿಕೊಂಡು ಲಿಪಿ ಬಿಡಬೇಕೇನು?

ದೀಪಾವಳಿಗೆ ಆ ಕಡೆ ಬರುತ್ತಿದ್ದೇನೆ. ಕಾರ್ಯದರ್ಶಿಗಳೇ, ಚಹಾ ಇಟ್ಟಿರಿ, ಕಂಪ್ಯೂಟರ್ ಚಾಲೂ ಇರಲಿ. ಚಹಾ ಆರುವುದರೊಳಗೆ ಕೆಲಸ ಮುಗಿಸುತ್ತೇನೆ.